ಗಂಟು ಸೀಳುವ ಕ್ಷೌರದ ಕೈ

ಹುಣಸೂರಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲಕ್ಷ್ಮಣತೀರ್ಥ ನದಿಯ ಕಡೆಯಿಂದ ಎದ್ದ ಮಂಜು ಆಸ್ಪತ್ರೆಯ ಹಿತ್ತಲ ಕೋಣೆಯ ಕಿಟಕಿಯವರೆಗೂ ತುಂಬಿಕೊಂಡಿದೆ. ವಾರ್ಡಿನ ಮುಂದೆ ರೋಗಿಗಳ ಕಡೆಯವರು ಬೆಂಕಿ ಹಾಕಿಕೊಂಡು ಮೈ ಕಾಯಿಸುತ್ತಿದ್ದಾರೆ. ಹಿತ್ತಲ ಕೋಣೆಯಲ್ಲಿ ಆಸ್ಪತ್ರೆಯ ಕ್ಷೌರಿಕ ಮಂಟಯ್ಯನವರು ಮಾತ್ರ ಕಂಬಳಿಯನ್ನು ಗೂಟಕ್ಕೆ ಹಾಕಿ, ಅಂಗಿಯ ತೋಳು ಮಡಚಿ, ಸಣ್ಣಗೆ ನಡುಗುತ್ತ ನಿಂತಿದ್ದಾರೆ. ಆ ಕೋಣೆಯಲ್ಲಿ ಬೆಂಕಿ ಹಾಕುವ ಹಾಗಿಲ್ಲ. ಬೆಂಕಿ ಹಾಕಿದರೆ ಮೇಣ ಮೆತ್ತಗಾಗುತ್ತದೆ, ಮೇಣ ಮೆತ್ತಗಾದರೆ ಕೆಲಸ ಕೆಟ್ಟ ಹಾಗೆಯೇ.

ಈ ಮೇಣ ದೀಪಕ್ಕೆ ಹಚ್ಚುವುದಲ್ಲ. ರೋಗಿಯ ಕುತ್ತಿಗೆಯಿಂದಲೋ ಕಂಕುಳಿಂದಲೋ ಡಾಕ್ಟರು ಕುಯ್ದು ತೆಗೆದ ಗಂಟಿನ ಚೂರನ್ನು ಕೆಲವು ದಿನ ಔಷಧದ ನೀರಿನಲ್ಲಿ ನೆನೆಹಾಕುತ್ತಾರೆ. ಆಮೇಲೆ ಸ್ಪಿರಿಟ್ಟಿನಲ್ಲಿಟ್ಟು ಅದರ ನೀರೆಲ್ಲ ಹೀರಿಸಿ, ಕರಗಿಸಿದ ಮೇಣದಲ್ಲಿ ಹೂತು, ಗಟ್ಟಿಯಾದ ಮೇಲೆ ಬೆಲ್ಲದಚ್ಚಿನಷ್ಟು ಬಿಲ್ಲೆ ಮಾಡುತ್ತಾರೆ. ಆ ಬಿಲ್ಲೆಯನ್ನು ಪುಟ್ಟದೊಂದು ಕೈಮಿಷನ್ನಿಗೆ ಕಚ್ಚಿಸಿ ಹಿಡಿ ತಿರುಗಿಸಿದರೆ, ಉದ್ದನೆಯ ಕತ್ತಿಯ ಬಾಯಿಗೆ ತಗುಲಿ, ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗಿನ ಎಳೆಗಳು ಒಂದರ ಹಿಂದೊಂದು ಅಂಟಿಕೊಂಡು ಬರುತ್ತವೆ. ಆ ಎಳೆ ಗಾಜಿನ ಪಟ್ಟಿಯ ಮೇಲೆ ಕೂತು, ನೀಲಿ ಕೆಂಪು ಬಣ್ಣ ಕುಡಿದು, ಸಣ್ಣದನ್ನು ದೊಡ್ಡದಾಗಿ ತೋರಿಸುವ ದುರ್ಬೀನಿನ ಕೆಳಗೆ ಹೋದಾಗ ಡಾಕ್ಟರಿಗೆ ಗೊತ್ತಾಗುತ್ತದೆ: ಇದು ಕ್ಷಯದ ಗಂಟೋ, ಪ್ರಾಣ ತೆಗೆಯುವ ಹುಣ್ಣಿನ ಗಂಟೋ, ಇಲ್ಲ ಯಾವ ಕೇಡೂ ಬಗೆಯದೆ ಸುಮ್ಮನೆ ಬೆಳೆದು ಕೂತದ್ದೋ ಎಂದು.

"ಬಿಸ್ಲೇರಿದ್ರೆ ಮುಗೀತು ಸ್ವಾಮಿ. ಎಳೆ ಸುರುಟ್ಕತದೆ, ಹರಿದೋಯ್ತದೆ. ಅದ್ಕೇ ಕೋಳಿ ಕೂಗಕ್ಕೆ ಮುಂಚೆ ಎದ್ದು ಬತ್ತೀನಿ. ಬಿಲ್ಲೇನ ರಾತ್ರಿನೇ ಒದ್ದೆ ಬಟ್ಟೆ ಸುತ್ತಿ ಮಡಕೇಲಿಟ್ಟಿರ್ತೀನಿ," ಎನ್ನುತ್ತಾರೆ ಮಂಟಯ್ಯ. ಮಾತಾಡುವಾಗ ಎಳೆಯ ಕಡೆಗೆ ಉಸಿರು ತಾಗದಂತೆ ಮುಖ ಆಚೆ ತಿರುಗಿಸುತ್ತಾರೆ. ಉಸಿರು ತಾಗಿದರೂ ಅದು ಹಾರಿಹೋಗುತ್ತದಂತೆ.

ಆದರೆ ಇವತ್ತಿನ ಬಿಲ್ಲೆ ಎಂದಿನಂಥದ್ದಲ್ಲ. ಮಿಷನ್ನು ಕಚ್ಚಿಕೊಂಡಿರುವ ಬಿಲ್ಲೆಯೊಳಗೆ ಇರುವುದು ಕೆಂಪಾಜಮ್ಮನವರ ಕುತ್ತಿಗೆಯ ಗಂಟು. ಕೆಂಪಾಜಮ್ಮ ಮಂಟಯ್ಯನವರ ಹೆಂಡತಿ. ಒಂಬತ್ತು ವರ್ಷದ ಹಿಂದೆ ಇದೇ ಗಂಟಿನ ದೆಸೆಯಿಂದ ಗಂಡನ ಮನೆ ಬಿಟ್ಟು ಭೇರ್ಯದ ತವರಿಗೆ ಹೋದವರು. ಗಂಟು ಕೆಟ್ಟದ್ದಲ್ಲ ಎಂದಾದರೆ ಗಂಡನ ಮನೆಗೆ ಬರುತ್ತಾರೆ. ಕೆಟ್ಟದ್ದಾದರೆ ತವರಿಗೇ ಹೋಗಿ ಅಲ್ಲೇ ಕಣ್ಣು ಮುಚ್ಚುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಈಗ ಇಲ್ಲಿಂದ ಕೂಗಳತೆಯಲ್ಲೇ, ಹೆಂಗಸರ ವಾರ್ಡಿನಲ್ಲಿ, ಕುತ್ತಿಗೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾರೆ.

ಮಂಟಯ್ಯನವರು ಹಿಡಿ ತಿರುಗಿಸುತ್ತಾರೆ. ಮೊದಲ ಎಳೆ ಬರುತ್ತದೆ.

ಮಂಟಯ್ಯನವರದು ಬಿಳಿಕೆರೆಯ ಕ್ಷೌರದ ಮನೆತನ. ಮೈಸೂರು ರಸ್ತೆಯ ಮಗ್ಗುಲಿಗೆ, ಹೊಂಗೆ ಮರದಡಿಯ ಕಲ್ಲಿನ ಮೇಲೆ, ಅಪ್ಪ ಕತ್ತಿ ಕನ್ನಡಿಯ ಹಡಪ ಬಿಚ್ಚಿಕೊಂಡು ಕೂರುತ್ತಿದ್ದ ಜಾಗದಲ್ಲೇ ಇವರೂ ಕೂತರು. ಊರ ಗಂಡಸರ ಗದ್ದ, ಕೆನ್ನೆ, ಕುತ್ತಿಗೆ ಎಲ್ಲ ಇವರ ಹೆಬ್ಬೆರಳಿಗೆ ಪಾಠ. ಯಾರ ದವಡೆಯ ಕೆಳಗೆ ಹಲ್ಲುನೋವಿನ ಗಂಟು ಎದ್ದಿದೆ, ಯಾರಿಗೆ ನೆಗಡಿ ಕಟ್ಟಿದೆ ಎನ್ನುವುದು ಅವರವರ ಹೆಂಡಿರಿಗಿಂತ ಮೊದಲು ಮಂಟಯ್ಯನವರಿಗೆ ಗೊತ್ತಾಗುತ್ತಿತ್ತು. ಕುರು ಒಡೆಸುವುದು, ಮುಳ್ಳು ತೆಗೆಯುವುದು, ಮಕ್ಕಳ ಜವುಳ ಎಲ್ಲಕ್ಕೂ ಇವರೇ ಬೇಕು.

ಈ ಸೀಮೆಯವರಿಗೆ ಗಂಟೆಂದರೆ ಯಾಕಿಷ್ಟು ಭಯ ಎಂದು ಪೇಟೆಯ ಓದುಗರು ಕೇಳಬಹುದು. ಸ್ವಾಮಿ, ಪ್ಲೇಗಿನ ವರ್ಷಗಳನ್ನು ಕಂಡ ಮನೆಗಳಿವು. ಈಗಲೂ ಅಟ್ಟದಿಂದ ಒಂದು ಇಲಿ ಸತ್ತು ಬಿದ್ದರೆ ಹೆಂಗಸರು ಇಲಿಯ ಕಡೆ ನೋಡುವುದಿಲ್ಲ, ಓಡಿ ಬಂದು ಮಕ್ಕಳ ಕಂಕುಳು ತಡಕುತ್ತಾರೆ. ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಸೋಗೆ ಗುಡಿಸಲು ಹಾಕಿಕೊಂಡು ಮಲಗಿದ್ದನ್ನು ಮಂಟಯ್ಯನವರು ಹುಡುಗನಾಗಿ ಕಂಡಿದ್ದಾರೆ. ಅವರ ತಾಯಿ ಆ ಗುಡಿಸಲಿನಿಂದ ವಾಪಸು ಬರಲೇ ಇಲ್ಲ. ಪ್ಲೇಗು ಕಡಿಮೆಯಾಯಿತು, ಭಯ ಮಾತ್ರ ಹಾಗೇ ಉಳಿಯಿತು. ಕುತ್ತಿಗೆಯಲ್ಲಿ ಗಂಟು ಕಂಡರೆ ಸಾಕು, ಕಂಠಮಾಲೆ, ಕ್ಷಯ, ಅಂಟುರೋಗ ಎಂದು ಊರೇ ತೀರ್ಪು ಕೊಟ್ಟುಬಿಡುತ್ತದೆ. ಕಂಠಮಾಲೆ ಎಂದ ಮೇಲೆ ಆ ಹೆಂಗಸಿನ ಕೈಯಿಂದ ಯಾರೂ ಒಂದು ಲೋಟ ನೀರು ಕುಡಿಯುವುದಿಲ್ಲ.

ಕೆಂಪಾಜಮ್ಮನವರಿಗೆ ಕಿವಿಯ ಕೆಳಗೆ ಅದು ಎದ್ದಾಗ ಬೇಲದಕಾಯಿಯಷ್ಟೇನೂ ಇರಲಿಲ್ಲ, ಒಂದು ಅವರೆಕಾಳಿನಷ್ಟು. ನೋವಿಲ್ಲ, ಜ್ವರವಿಲ್ಲ. "ಇಲ್ನೋಡಯ್ಯ, ಏನೋ ಕೈಗೆ ಸಿಕ್ತದೆ" ಎಂದು ಗಂಡನ ಬೆರಳು ಹಿಡಿದು ಮುಟ್ಟಿಸಿದರಂತೆ. "ಏ, ನೆಗಡಿ ಗಂಟು, ಓಯ್ತದೆ ಬುಡು" ಎಂದರಂತೆ ಇವರು. ಅದು ಹೋಗಲಿಲ್ಲ. ವರ್ಷ ಕಳೆಯುವುದರಲ್ಲಿ ಸೆರಗಿಗೂ ಮರೆಯಾಗದಷ್ಟು ಬೆಳೆಯಿತು. ಬಾವಿಯ ಹತ್ತಿರ ಒಬ್ಬಳು ಕಂಡಳು, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಬಿಳಿಕೆರೆಯವರು ಜಗಳಕ್ಕೆ ಬರಲಿಲ್ಲ, ಬೈಯಲೂ ಇಲ್ಲ. ಬಂದು ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಮಂಟಯ್ಯ. ಎದೆಯವರೆಗೆ ಗಡ್ಡ ಇಳಿಬಿಟ್ಟುಕೊಂಡ ಯಜಮಾನರು ಹೊಂಗೆ ಮರದ ಮುಂದೆಯೇ ಹಾದುಹೋಗುತ್ತ, "ಇವತ್ ಬ್ಯಾಡ ಕಣ್ಲಾ ಮಂಟ, ಗಡ್ಡ ಇನ್ನೂ ಬಂದಿಲ್ಲ" ಎನ್ನತೊಡಗಿದರು. ಮಾರನೆಯ ದಿನ ಹುಣಸೂರಿನ ಬಸ್ಸಿನಿಂದ ಇಳಿಯುವಾಗ ಅವರ ಮುಖ ನುಣ್ಣಗೆ! ಕ್ಷೌರದ ಕತ್ತಿ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹೋಗುವಂಥದ್ದು. ಆ ಕತ್ತಿಯ ಮನೆಯಲ್ಲಿ ಕಂಠಮಾಲೆ ಇದೆ ಎಂದ ಮೇಲೆ ಯಾರು ತಾನೇ ಗದ್ದ ಒಡ್ಡುತ್ತಾರೆ? ಆ ಸುಗ್ಗಿಯಲ್ಲಿ ವರ್ಷದ ಕ್ಷೌರಕ್ಕೆಂದು ಕಣದಿಂದ ಬರಬೇಕಾಗಿದ್ದ ರಾಗಿಯೂ ಬರಲಿಲ್ಲ.

ಒಂದು ಬೆಳಿಗ್ಗೆ ಕೆಂಪಾಜಮ್ಮ ತಾವಾಗಿಯೇ ಬಟ್ಟೆಯ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತರು. "ನಾನಿಲ್ಲಿದ್ರೆ ನಿನ್ ಕತ್ತೀನ ಯಾರೂ ಕೆನ್ನೆಗೆ ಇಟ್ಕಳಕ್ಕಿಲ್ಲ. ಓಯ್ತೀನಿ ಕಣಯ್ಯ" ಎಂದರು. ಮಂಟಯ್ಯನವರು ಜಗಲಿಯಲ್ಲಿ ಕೂತು ಕತ್ತಿಗೆ ಸಾಣೆ ಹಿಡಿಯುತ್ತಿದ್ದರು. ತಲೆ ಎತ್ತಲಿಲ್ಲ.

"ತಲೆ ಎತ್ತಿದ್ರೆ ಓಗ್ಬ್ಯಾಡ ಅಂದ್ಬುಡ್ತಿದ್ದೆ ಸ್ವಾಮಿ. ಓಗ್ಬ್ಯಾಡ ಅಂದ್ರೆ ಇಬ್ರೂ ಉಪಾಸ. ಅಂಗೇ ಕಲ್ ಮ್ಯಾಲೆ ಕತ್ತಿ ಉಜ್ತಾ ಕುಂತೆ. ಅವತ್ತು ಕತ್ತಿ ಬಾಯೇ ಸವೆದೋಯ್ತು," ಎನ್ನುತ್ತಾರೆ ಮಂಟಯ್ಯ.

ಮಕ್ಕಳು ಹುಟ್ಟಿ ಉಳಿದಿರಲಿಲ್ಲ. ಮನೆಯಲ್ಲಿ ಅವರೊಬ್ಬರೇ. ಕೆಂಪಾಜಮ್ಮ ಹೋದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸು ಬಂದರು, ಏನೂ ಆಗದವರ ಹಾಗೆ ಕೆನ್ನೆ ಒಡ್ಡಿ ಕೂತರು, ಮಳೆ ಬೆಳೆ ಮಾತಾಡಿದರು. ಕೆಲವೊಮ್ಮೆ ಕತ್ತಿ ಅವರ ಗಂಟಲ ಮೇಲಿರುವಾಗ ಮಂಟಯ್ಯನವರಿಗೆ ಎಂಥೆಂಥ ಯೋಚನೆ ಬರುತ್ತಿತ್ತೋ, ಅದನ್ನು ಅವರು ಹೇಳುವುದಿಲ್ಲ, ನಾವು ಕೇಳುವುದೂ ಬೇಡ.

ಬಿಡುವಾದಾಗಲೆಲ್ಲ ಭೇರ್ಯಕ್ಕೆ ಹೋಗಿಬರುತ್ತಿದ್ದರು. ಒಂದು ಸೀರೆಯೋ, ಎಲೆಯಡಿಕೆಯೋ, ಹುಣಸೂರಿನ ಸಂತೆಯ ಕಡಲೆಪುರಿಯೋ ಕೈಯಲ್ಲಿರುತ್ತಿತ್ತು. ಕೆಂಪಾಜಮ್ಮನವರ ಅಣ್ಣ ಕರಿಯಯ್ಯನ ಮನೆಯ ಜಗಲಿಯಲ್ಲಿ ಗಂಡ ಒಂದು ತುದಿಗೆ, ಹೆಂಡತಿ ಇನ್ನೊಂದು ತುದಿಗೆ. ಕೆಂಪಾಜಮ್ಮ ಊಟದ ತಟ್ಟೆಯನ್ನು ನಡುವೆ ಇಟ್ಟು ಹಿಂದೆ ಸರಿಯುವರು. ಬಿಳಿಕೆರೆಯಲ್ಲಿ ಯಾರು ಹೋದರು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಹಿತ್ತಲ ನುಗ್ಗೆ ಈ ಸಲ ಕಾಯಿ ಬಿಟ್ಟಿತೋ ಇಲ್ಲವೋ ಎಂದು ಒಂದೊಂದೇ ಕೇಳುವರು. ಹೊತ್ತು ಇಳಿದ ಮೇಲೆ "ಎದ್ದೇಳು, ಕತ್ಲಾಯ್ತದೆ" ಎಂದು ಅವರೇ ಎಬ್ಬಿಸಿ ಕಳಿಸುವರು. ಊರ ಕುತ್ತಿಗೆಗಳನ್ನೆಲ್ಲ ಮುಟ್ಟುವ ಮನುಷ್ಯ ಸ್ವಂತ ಹೆಂಡತಿಯ ಕೈ ಮುಟ್ಟದೆ ಎದ್ದು ಬರಬೇಕು.

ಆಸ್ಪತ್ರೆಯ ಕೆಲಸ ಸಿಕ್ಕಿದ್ದು ಆಮೇಲಿನ ಮಾತು. ಆಪರೇಷನ್ನಿಗೆ ಮುಂಚೆ ರೋಗಿಗಳ ಮೈ ಬೋಳಿಸಲು ಒಬ್ಬ ಕ್ಷೌರಿಕ ಬೇಕಾಗಿತ್ತು. ಹುಣಸೂರಿಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಪುಟ್ಟಮಲ್ಲಪ್ಪನವರಿಗೆ ಗಂಟುಗಳನ್ನು ಸೀಳಿ ನೋಡುವ ಹುಚ್ಚು. ಮದರಾಸಿನಲ್ಲಿ ಓದುವಾಗ ಹರಾಜಿನಲ್ಲಿ ಹಿಡಿದಿದ್ದ ಹಳೆಯ ಮಿಷನ್ನನ್ನೂ ದುರ್ಬೀನನ್ನೂ ಜೊತೆಗೇ ತಂದಿದ್ದರು. ಆದರೆ ಕತ್ತಿ ಮೊಂಡಾದರೆ ಸಾಣೆಗೆ ಬೆಂಗಳೂರಿಗೆ ಕಳಿಸಬೇಕು, ಅದು ಬರುವುದರೊಳಗೆ ರೋಗಿಯ ಹಣೆಬರಹವೇ ಮುಗಿದಿರುತ್ತಿತ್ತು. ಒಂದು ದಿನ ಡಾಕ್ಟರು ಆ ಮೊಂಡು ಕತ್ತಿಯನ್ನು ಮಂಟಯ್ಯನವರ ಮುಂದೆ ಹಿಡಿದು, "ಇದಕ್ಕೇನಾದರೂ ಮಾಡೋಕೆ ಆಗುತ್ತೇನಯ್ಯ?" ಎಂದು ಕೇಳಿದರು. ಮಂಟಯ್ಯನವರು ಮೂರು ದಿನ ಕೂತು, ಎಣ್ಣೆಕಲ್ಲಿನ ಮೇಲೆ ಉಜ್ಜಿ, ತೊಗಲ ಪಟ್ಟಿಗೆ ಎಳೆದು ತಂದುಕೊಟ್ಟರು. ಸೀಳುವುದನ್ನು ಕಲಿಸಿದವರು ಡಾಕ್ಟರೇ. ಶುರುವಿನಲ್ಲಿ ಎಷ್ಟು ಬಿಲ್ಲೆ ಹಾಳು ಮಾಡಿದರೋ, ಎಷ್ಟು ಬೈಸಿಕೊಂಡರೋ ಲೆಕ್ಕವಿಲ್ಲ.

ಈಗ ದಿನಕ್ಕೆ ಎರಡು ಬಿಲ್ಲೆ, ಸಂತೆಯ ಮಾರನೆಯ ದಿನ ಮೂರು. ಬೆಳಿಗ್ಗೆ ಸೀಳಿದ ಎಳೆಗಳನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಮೊಟ್ಟೆಯ ಬಿಳಿ ಸವರಿದ ಗಾಜಿನಿಂದ ಎತ್ತಿ ಒಣಹಾಕುತ್ತಾರೆ. ಆಮೇಲೆ ವಾರ್ಡಿನ ಕ್ಷೌರ, ಗಾಜು ತೊಳೆಯುವುದು, ಬಣ್ಣ ಸೋಸುವುದು. ಸಂಜೆ ಮತ್ತೆ ಸಾಣೆ. ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳು, ಎಲ್ಲಿಂದಲೋ ಗಾಡಿ ಕಟ್ಟಿಕೊಂಡು ಬಂದ ಜನ ತಮ್ಮ ಗಂಟು ಕೊಟ್ಟು ಹೋಗಿರುತ್ತಾರೆ. ಅದನ್ನು ಸೀಳಿದವರು ಯಾರೆಂದು ಅವರಿಗೆ ಗೊತ್ತಿಲ್ಲ. "ಹಿತ್ಲಲ್ಲಿ ಒಬ್ಬ ಕ್ಷೌರದೋನು ಅವ್ನೆ" ಎನ್ನುವುದಷ್ಟೇ ಗೊತ್ತು.

ಬರುವ ಗಂಟುಗಳಲ್ಲಿ ಹೆಚ್ಚಿನವು ಕ್ಷಯದವೇ. ಅವು ಕತ್ತಿಗೆ ಸಿಕ್ಕಾಗ ಹಳೆಯ ಗಿಣ್ಣಿನ ಹಾಗೆ ಉದುರುತ್ತವೆ. ಕೆಲವು ಇನ್ನೂ ಕೆಟ್ಟವು. ಡಾಕ್ಟರು ದುರ್ಬೀನಿನಿಂದ ಕಣ್ಣು ತೆಗೆದು ಮಾತಿಲ್ಲದೆ ಕನ್ನಡಕ ಒರೆಸಿಕೊಂಡರೆ ಮಂಟಯ್ಯನವರು ಆ ರೋಗಿಯ ಕಡೆಯವರಿಗೆ ಮುಖ ತೋರಿಸದೆ ಓಡಾಡುತ್ತಾರೆ. ಕೇಡಿಲ್ಲದ ಗಂಟು ಬರುವುದು ಬಲು ಅಪರೂಪ. ಹೋದ ವರ್ಷ ಪಿರಿಯಾಪಟ್ಟಣದ ಕಡೆಯ ಒಬ್ಬ ರೈತನ ಕಂಕುಳ ಗಂಟು ಬರಿಯ ಕೊಬ್ಬಿನ ಬೆಳವಣಿಗೆ ಎಂದು ತಿಳಿಯಿತು. ಆ ಪುಣ್ಯಾತ್ಮ ಸಾಯುತ್ತೇನೆಂದು ಹೊಲಗದ್ದೆಯನ್ನೆಲ್ಲ ಮಕ್ಕಳಿಗೆ ಹಂಚಿ ಬಂದಿದ್ದ. "ಈಗ ವಾಪಸ್ ಕೇಳೋದೆಂಗೆ ಡಾಕ್ಟ್ರೇ?" ಎಂದು ತಲೆ ಕೆರೆದುಕೊಂಡು ನಿಂತ. ವಾರ್ಡಿಗೆ ವಾರ್ಡೇ ನಕ್ಕಿತು. ಮಂಟಯ್ಯನವರು ಮಾತ್ರ ಹಿತ್ತಲ ಕೋಣೆಗೆ ಬಂದು ಬಾಗಿಲು ಮುಂದೆಮಾಡಿಕೊಂಡು ಅತ್ತರು.

"ಅದೂ ಗಂಟೇ, ಇವ್ಳದೂ ಗಂಟೇ. ಇವ್ಳದೂ ಅಂಗೇ ಯಾಕಾಗ್ಬಾರ್ದು ದ್ಯಾವ್ರೇ ಅಂತ. ಯಾರ್ ಗಂಟು ಸೀಳುದ್ರೂ ನಂಗೆ ಅವ್ಳದೇ ಗ್ಯಾನ ಸ್ವಾಮಿ."

ಅಂದೇ ಭೇರ್ಯಕ್ಕೆ ಹೋಗಿ, ಗಂಟು ಕುಯ್ಯಿಸಿಕೋ ಎಂದು ಕೇಳಿಕೊಂಡರು. ಕೆಂಪಾಜಮ್ಮ ಒಪ್ಪಲಿಲ್ಲ. ಗಂಟು ಕುಯ್ದರೆ ಬೇರು ಒಳಕ್ಕೆ ಇಳಿಯುತ್ತದೆ ಎಂದು ಕರಿಯಯ್ಯನೂ ಅಡ್ಡ ನಿಂತ. ಹೋಗಲಿ, ಕುಯ್ಯಿಸುವುದು ಬೇಡ, ಆಸ್ಪತ್ರೆಯ ಹಿಂದೆಯೇ ನನಗೊಂದು ಕೋಣೆ ಕೊಟ್ಟಿದ್ದಾರೆ, ಸುಮ್ಮನೆ ಬಂದಿರು ಎಂದು ಗೋಗರೆದರು. ಅದಕ್ಕೂ ಇಲ್ಲ. "ನಿನ್ ಕತ್ತಿ ಈಗ ರೋಗಸ್ಥರ ಮೈಮ್ಯಾಲೆ ಓಡಾಡ್ತದೆ. ಮೊದ್ಲೇ ಸೊರಗಿರೋ ಜೀವ್ಗಳು. ನನ್ ಪಾಪ ಅವ್ರಿಗ್ಯಾಕೆ ಅಂಟ್ಸೀಯೆ?" ಎಂದುಬಿಟ್ಟರು. ಕೊನೆಗೆ ಈ ಮಾಗಿಯಲ್ಲಿ ಗಂಟು ನಿಂಬೆಹಣ್ಣಿನಷ್ಟಾಗಿ ಕತ್ತು ತಿರುಗಿಸಲಾರದಂತಾದ ಮೇಲೆ ಕರಿಯಯ್ಯನೇ ಹೆದರಿ ಗಾಡಿ ಕಟ್ಟಿದ.

ಆಪರೇಷನ್ನಿನ ದಿನ ಕುತ್ತಿಗೆಯ ಕೂದಲು ಬೋಳಿಸಬೇಕಾಗಿ ಬಂತು. ಆ ಕೆಲಸ ಮಂಟಯ್ಯನವರದೇ. "ಮುಟ್ಬ್ಯಾಡ ಕಣಯ್ಯ" ಎಂದು ಕೆಂಪಾಜಮ್ಮ ಹಿಂದಕ್ಕೆ ಸರಿದರು. ನರ್ಸ್ ವಿಮಲಮ್ಮನವರು, "ಅಮ್ಮಾ, ಇಲ್ಲಿ ಆತ ನಿಮ್ಮ ಯಜಮಾನರಲ್ಲ, ಆಸ್ಪತ್ರೆ ನೌಕರ. ಸುಮ್ಮನೆ ಕೂತುಕೊಳ್ಳಿ" ಎಂದು ಗದರಿದ ಮೇಲೆ ಕೂತರು. ಒಂಬತ್ತು ವರ್ಷದ ಮೇಲೆ ಮಂಟಯ್ಯನವರ ಹೆಬ್ಬೆರಳು ಆ ಕುತ್ತಿಗೆಗೆ ತಾಗಿತು.

ಇದಿಷ್ಟು ಹಿಂದಿನ ಕಥೆ. ಈಗ ಬೆಳಕು ಹರಿದಿದೆ. ಕೆಂಪಾಜಮ್ಮನವರ ಗಂಟಿನ ಎಳೆಗಳು ಗಾಜಿಗೆ ಏರಿವೆ. ಮಧ್ಯಾಹ್ನದ ಹೊತ್ತಿಗೆ ಬಣ್ಣವೂ ಹಿಡಿದಿದೆ. ಡಾಕ್ಟರು ದುರ್ಬೀನಿಗೆ ಕಣ್ಣಿಟ್ಟು ಕೂತಿದ್ದಾರೆ, ಮಂಟಯ್ಯನವರು ಬಾಗಿಲ ಪಟ್ಟಿ ಹಿಡಿದು ನಿಂತಿದ್ದಾರೆ. ಡಾಕ್ಟರ ಮುಖ ಮೊದಲು ಅರಳುತ್ತದೆ. ಗಾಜನ್ನು ಇನ್ನಷ್ಟು ಸರಿಸಿದ ಮೇಲೆ ಹುಬ್ಬು ಗಂಟಿಕ್ಕುತ್ತದೆ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಮಂಟಯ್ಯನವರ ಜೀವ ಅಲ್ಲೇ ಅರ್ಧ ಹೋಗುತ್ತದೆ.

"ನಡುವೆ ಎಲ್ಲ ಒಳ್ಳೆಯದೇ ಕಾಣುತ್ತಿದೆ ಮಂಟಯ್ಯ," ಎನ್ನುತ್ತಾರೆ ಡಾಕ್ಟರು. "ಆದರೆ ಅಂಚಿನಲ್ಲಿ ಅಲ್ಲಲ್ಲಿ ಚರ್ಮದ ಕಣಗಳಿವೆ. ಕುತ್ತಿಗೆಯ ಗ್ರಂಥಿಯೊಳಗೆ ಚರ್ಮದ ಕಣಕ್ಕೇನು ಕೆಲಸ? ಬಾಯಲ್ಲೋ ಗಂಟಲಲ್ಲೋ ಕೆಟ್ಟ ಹುಣ್ಣಿದ್ದು, ಅದು ಗ್ರಂಥಿಗೆ ಇಳಿದರೆ ಹೀಗೆ ಕಾಣುವುದುಂಟು. ನಿನ್ನಾಕೆ ಹೊಗೆಸೊಪ್ಪು ಹಾಕುತ್ತಾಳಾ?"

ಹಾಕುತ್ತಾರೆ. ಈ ಸೀಮೆಯಲ್ಲಿ ಯಾವ ಹೆಂಗಸು ಹಾಕುವುದಿಲ್ಲ? ಡಾಕ್ಟರು ವಾರ್ಡಿಗೆ ಹೋಗಿ ಕೆಂಪಾಜಮ್ಮನವರ ಬಾಯಿ ತೆರೆಸಿ, ನಾಲಗೆ ಎತ್ತಿಸಿ, ದೀಪ ಹಿಡಿಸಿ ನೋಡುತ್ತಾರೆ. ಹುಣ್ಣೇನೂ ಕಾಣುವುದಿಲ್ಲ. ಆದರೆ ಇಲ್ಲವೆಂದು ಎದೆ ತಟ್ಟಿ ಹೇಳಲೂ ಆಗುವುದಿಲ್ಲ. ಅಷ್ಟರಲ್ಲೇ ಕೆಂಪಾಜಮ್ಮನವರಿಗೆ ಅರ್ಥವಾಗುತ್ತದೆ. "ಅಣ್ಣಂಗೆ ಗಾಡಿ ಊಡಕ್ಕೆ ಯೋಳಿ" ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಮಂಟಯ್ಯನವರು ಅವತ್ತು ಊಟ ಮಾಡುವುದಿಲ್ಲ. ಅಡುಗೆಮನೆಯವರು ಕರೆದದ್ದು ಅವರಿಗೆ ಕೇಳಿಸುವುದೂ ಇಲ್ಲ.

ಸಂಜೆ ಹಿತ್ತಲ ಕೋಣೆಯ ಮುಂದೆ ಕೂತು ಮಾಮೂಲಿನಂತೆ ಕತ್ತಿಗೆ ಸಾಣೆ ಹಿಡಿಯುತ್ತಿದ್ದಾರೆ. ನಾಳೆ ಇನ್ನಷ್ಟು ಒಳಗಿನಿಂದ ಎಳೆ ತೆಗೆ ಎಂದು ಹೇಳಲು ಡಾಕ್ಟರು ಬರುತ್ತಾರೆ, ಬಂದವರ ಕಣ್ಣು ಮಂಟಯ್ಯನವರ ಕೈಯ ಮೇಲೆ ನಿಲ್ಲುತ್ತದೆ. ಮಂಟಯ್ಯನವರು ಕತ್ತಿಯನ್ನು ತೊಗಲ ಪಟ್ಟಿಗೆ ಎಳೆದು, ಅದರ ಬಾಯನ್ನು ಎಡ ಮುಂಗೈಯ ಮೇಲೆ ಮೆಲ್ಲಗೆ ಆಡಿಸಿ, ಕೂದಲು ಎದ್ದು ಬರುತ್ತದೋ ಇಲ್ಲವೋ ನೋಡುತ್ತಿದ್ದಾರೆ. ಕ್ಷೌರ ಮಾಡುವವರೆಲ್ಲ ಹೀಗೆ ನೋಡುವವರೇ. ಇವರ ಮುಂಗೈಯಲ್ಲಿ ಅಂಗೈಯಗಲ ಜಾಗ ಬೋಳಾಗಿ, ಚರ್ಮದ ಹೊಟ್ಟು ಎದ್ದು ಬೆಳ್ಳಗಿದೆ.

"ಏನಯ್ಯ ಅದು?"

"ಕತ್ತಿ ಬಾಯಿ ನೋಡ್ದೆ ಬುದ್ಧೀ."

"ಬೆಳಿಗ್ಗೆಯೂ ಹೀಗೇ ನೋಡಿದೆಯಾ?"

"ರಾತ್ರಿ ನೋಡಿ, ಆಮ್ಯಾಕೆ ಸ್ಪಿರಿಟ್ನಲ್ಲಿ ವರೆಸಿ ಇಡ್ತೀನಿ ಬುದ್ಧೀ, ನೀವು ಕಲ್ಸಿರೋ ಅಂಗೇ. ಆದ್ರೆ ಬೆಳಿಗ್ಗೆ..." ಮಂಟಯ್ಯನವರು ತಡವರಿಸುತ್ತಾರೆ. "ಕೆಂಪಾಜೀದಲ್ವಾ, ಬಾಯಿ ಒಸಿನೂ ಮಂಕಾಗ್ಬಾರ್ದು ಅಂತ ಸೀಳಕ್ಕೆ ಮುಂಚೆ ಇನ್ನೊಂದ್ ಕಿತ ನೋಡ್ದೆ. ಮಧ್ಯದಲ್ಲೂ ಬಿಚ್ಚಿ ನೋಡ್ದೆ."

ಡಾಕ್ಟರಿಗೆ ಸಿಟ್ಟು ಬಂತೋ ನಗು ಬಂತೋ ಹೇಳುವುದು ಕಷ್ಟ. ಮಂಟಯ್ಯನವರ ಕೈ ಹಿಡಿದು ಬೆಳಕಿಗೆ ಎತ್ತಿ ಆ ಹೊಟ್ಟನ್ನು ನೋಡುತ್ತಾರೆ. "ಅಯ್ಯೋ ಮಹಾರಾಯ! ನಿನ್ನ ಕೈಯ ಚರ್ಮ ತಂದು ನಿನ್ನ ಹೆಂಡತಿಯ ಗಂಟ ಮೇಲೆ ಉದುರಿಸಿದ್ದೀಯಲ್ಲೋ! ನಾನು ಮಧ್ಯಾಹ್ನದಿಂದ ತಲೆ ಕೆಡಿಸಿಕೊಂಡು ಕೂತಿದ್ದೀನಿ" ಎನ್ನುತ್ತಾರೆ. ಮಂಟಯ್ಯನವರು ಕತ್ತಿ ಕೆಳಗಿಟ್ಟು ಅವರ ಕಾಲಿಗೆ ಬೀಳಲು ಹೋದಾಗ ತೋಳು ಹಿಡಿದು ನಿಲ್ಲಿಸುತ್ತಾರೆ. "ಇದೂ ನನ್ನ ಊಹೆ ಅಷ್ಟೇ. ಹೌದೋ ಅಲ್ಲವೋ ನಾಳೆಯ ಎಳೆ ಹೇಳಬೇಕು. ಕತ್ತಿ ಒರೆಸಿದ ಮೇಲೆ ಮೈಗೆ ಮುಟ್ಟಿಸಬೇಡ, ಬೆರಳೂ ತಾಗಿಸಬೇಡ. ಇದನ್ನು ಬೇರೆ ಯಾರ ಕೈಯಲ್ಲೂ ಮಾಡಿಸುವುದಿಲ್ಲ, ನೀನೇ ಮಾಡು."

ಮಾರನೆಯ ಬೆಳಗಿನ ಜಾವ ಮತ್ತೆ ಅದೇ ಚಳಿ, ಅದೇ ಮಿಷನ್ನು. ಬಾಯಿ ನೋಡದೆ ಕತ್ತಿ ಹಿಡಿಯುವುದು ಕ್ಷೌರದವರಿಗೆ ಎಂಥ ಹಿಂಸೆ ಎನ್ನುವುದು ಮಂಟಯ್ಯನವರನ್ನು ನೋಡಿದರೆ ಗೊತ್ತಾಗುತ್ತದೆ. ಬಲಗೈಯ ಕತ್ತಿ ತಾನಾಗಿಯೇ ಎಡಗೈಯ ಕಡೆ ಹೊರಡುತ್ತದೆ, ಇವರು ಎಳೆದುಕೊಳ್ಳುತ್ತಾರೆ. ಕೊನೆಗೆ ತೋಳಿಗೆ ಅಂಗವಸ್ತ್ರ ಸುತ್ತಿಕೊಂಡು ಕತ್ತಿಯನ್ನು ಮಿಷನ್ನಿಗೆ ಬಿಗಿಯುತ್ತಾರೆ. ಹಿಡಿ ತಿರುಗುತ್ತದೆ. ಎಳೆಗಳು ಬರುತ್ತವೆ. ಒಂದೂ ಹರಿಯುವುದಿಲ್ಲ.

ಮಧ್ಯಾಹ್ನ, ಬಣ್ಣ ಹಿಡಿದ ಮೇಲೆ, ಡಾಕ್ಟರು ಈ ಸಲ ಬಹಳ ಹೊತ್ತು ನೋಡುತ್ತಾರೆ. ದಪ್ಪನೆಯ ಪುಸ್ತಕ ತೆಗೆದು ಚಿತ್ರ ನೋಡುತ್ತಾರೆ, ಮತ್ತೆ ದುರ್ಬೀನು ನೋಡುತ್ತಾರೆ. ಮಂಟಯ್ಯನವರು ಹೊಸ್ತಿಲ ಮೇಲೆ ಕೂತಿದ್ದಾರೆ.

"ಒಳಗೆ ಬಾ ಮಂಟಯ್ಯ. ಚರ್ಮದ ಕಣ ಒಂದೂ ಇಲ್ಲ. ಇದು ರಕ್ತನಾಳದ ಗಂಟು ಕಣಯ್ಯ. ಗ್ರಂಥಿಯೊಳಗೆ ಸಣ್ಣ ಸಣ್ಣ ರಕ್ತನಾಳಗಳು ಗೋಜಲು ಗೋಜಲಾಗಿ ಬೆಳೆದು ಕೂತಿವೆ, ಅಷ್ಟೇ. ಕ್ಷಯವಲ್ಲ, ಕೆಟ್ಟ ಹುಣ್ಣಲ್ಲ. ಹರಡುವುದಿಲ್ಲ, ಯಾರಿಗೂ ಅಂಟುವುದಿಲ್ಲ. ಇಂಥದ್ದನ್ನು ನಾನೂ ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಣ್ಣಾರೆ ನೋಡಿದ್ದು ಇದೇ ಮೊದಲು." ಮದರಾಸಿನ ತಮ್ಮ ಗುರುಗಳಿಗೂ ಒಂದು ಗಾಜು ಕಳಿಸುತ್ತಾರಂತೆ. ಸಂಶಯಕ್ಕಲ್ಲ, ಇಂಥ ಗಂಟು ಅವರಿಗೂ ನೋಡಲು ಸಿಗುವುದು ಅಪರೂಪವೆಂದು.

ಮಂಟಯ್ಯನವರು ಹೆಂಗಸರ ವಾರ್ಡಿಗೆ ಓಡಿಹೋಗುತ್ತಾರೆ. ಕೆಂಪಾಜಮ್ಮ ಎದ್ದು ಕೂತಿದ್ದಾರೆ, ಬಟ್ಟೆಯ ಗಂಟು ಮಡಿಲಲ್ಲಿದೆ. ಹೊರಗೆ ಕರಿಯಯ್ಯ ಗಾಡಿಗೆ ಎತ್ತು ಹೂಡಿ ಹುಲ್ಲು ಹಾಸಿದ್ದಾಯಿತು. ಓಡಿ ಬಂದ ಗಂಡನ ಮುಖ ನೋಡಿಯೇ ಆಕೆ ಗಂಟನ್ನು ಮಂಚದ ಮೇಲೆ ಇಡುತ್ತಾರೆ.

"ಏನೂ ಇಲ್ಲ ಕಣಮ್ಮಿ," ಎನ್ನುತ್ತಾರೆ ಮಂಟಯ್ಯ, ಏದುಸಿರು ಬಿಡುತ್ತ. "ಬರೀ ರಕ್ತದ ಗಂಟು. ಕಂಠಮಾಲೆ ಅಲ್ಲ, ಏನೂ ಅಲ್ಲ. ಡಾಕ್ಟ್ರು ಪುಸ್ತಕ ಇಟ್ಕಂಡು ಯೋಳುದ್ರು."

"ಅಂಟಕ್ಕಿಲ್ವಾ?"

"ಅಂಟಕ್ಕಿಲ್ಲ."

ಕರಿಯಯ್ಯ ಹೊರಗಿನಿಂದಲೇ ಕೇಳಿಸಿಕೊಂಡು ಮನೆದೇವರು ಮಾದಪ್ಪನಿಗೆ ಕೈಯೆತ್ತಿ ಮುಗಿಯುತ್ತಾನೆ. ಪಕ್ಕದ ಮಂಚದ ಹೆಂಗಸರು ಸಂತೋಷದಿಂದ ಏನೇನೋ ಹೇಳತೊಡಗುತ್ತಾರೆ. ಕೆಂಪಾಜಮ್ಮ ಅದ್ಯಾವುದನ್ನೂ ಕೇಳಿಸಿಕೊಳ್ಳುವುದಿಲ್ಲ. ಗಂಡನನ್ನೇ ನೋಡುತ್ತ ಇನ್ನೊಂದು ಪ್ರಶ್ನೆ ಕೇಳುತ್ತಾರೆ.

"ಅವತ್ತೂ ಅಂಟ್ತಿರ್ನಿಲ್ವಾ?"

ಕತ್ತಲಲ್ಲಿ ಎದ್ದು, ಚಳಿಯಲ್ಲಿ ನಿಂತು, ಇಷ್ಟು ವರ್ಷ ಯಾವ ಸುದ್ದಿಗೆ ಬಾಯಿ ಬಿಟ್ಟುಕೊಂಡು ಕಾದಿದ್ದರೋ ಆ ಸುದ್ದಿಯ ಹೊಟ್ಟೆಯಲ್ಲಿ ಈ ಪ್ರಶ್ನೆ ಇದೆಯೆಂದು ಅವರು ಯೋಚಿಸಿಯೇ ಇರಲಿಲ್ಲ.

"ಇಲ್ಲ ಕಣಮ್ಮಿ. ಅವತ್ತೂ ಅಂಟ್ತಿರ್ನಿಲ್ಲ."

"ಅಂಗಾದ್ರೆ ಇಷ್ಟ್ ವರ್ಸ ನಾನ್ಯಾಕಯ್ಯ ಅಲ್ಲಿದ್ದೆ?"

ಕೇಳಿ ಕೆಂಪಾಜಮ್ಮ ಅಳತೊಡಗುತ್ತಾರೆ. ಸತ್ತ ಮನೆಯಲ್ಲಿ ಅಳುವ ಹಾಗೆ ಬಾಯಿ ಬಿಟ್ಟು ಅಳುತ್ತಾರೆ. ಹೊಲಿಗೆ ಬಿಚ್ಚಿಕೊಳ್ಳುತ್ತದೆಂದು ವಿಮಲಮ್ಮನವರು ಓಡಿ ಬರುತ್ತಾರೆ, ಕುತ್ತಿಗೆಯ ಪಟ್ಟಿ ಸರಿಮಾಡುತ್ತಾರೆ. ಮಂಟಯ್ಯನವರು ಮಂಚದ ಮೇಲೆ ಪಕ್ಕದಲ್ಲೇ ಕೂತುಕೊಂಡು ಹೆಂಡತಿಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಈ ಸಲ ಆಕೆ ಸರಿದುಕೊಳ್ಳುವುದಿಲ್ಲ. ಬಹಳ ಹೊತ್ತಾದ ಮೇಲೆ ಬಾಗಿಲ ಕಡೆ ನೋಡಿ, "ನೀನು ಓಗಣ್ಣ, ಕತ್ಲಾಯ್ತದೆ" ಎನ್ನುತ್ತಾರೆ. ಕರಿಯಯ್ಯ ಬರಿಯ ಗಾಡಿ ಹೊಡೆದುಕೊಂಡು ಭೇರ್ಯದ ದಾರಿ ಹಿಡಿಯುತ್ತಾನೆ.

ಇದಾಗಿ ಹದಿನೈದು ದಿನವಾಗಿದೆ. ಆಸ್ಪತ್ರೆಯ ಹಿಂದಿನ ಒಂದು ಅಂಕಣದ ಕೋಣೆಯಲ್ಲಿ ಕೆಂಪಾಜಮ್ಮ ಮುದ್ದೆ ತಿರುವುತ್ತಿದ್ದಾರೆ. ಮಂಟಯ್ಯನವರು ಬೆಳಗಿನ ಬಿಲ್ಲೆ ಮುಗಿಸಿ ಬಂದು ಬಾಗಿಲ ಹತ್ತಿರ ಕೂತಿದ್ದಾರೆ. ಬಿಳಿಕೆರೆಯವರು ಸುದ್ದಿ ಕೇಳಿ ಹೇಳಿಕಳಿಸಿದ್ದಾರಂತೆ, ಊರಿಗೆ ಬರಬಹುದು ಎಂದು. ಇಬ್ಬರೂ ಇನ್ನೂ ಅತ್ತ ಹೊರಟಿಲ್ಲ. ಇಷ್ಟು ಜನರ ಗಂಟಿನ ಗುಟ್ಟು ತಿಳಿಯಲು ಕೈ ಸವೆಸಿದ್ದೀರಿ, ನಿಮಗೇನು ಬೇಕು ಎಂದು ಕೇಳಿದರೆ ಮಂಟಯ್ಯನವರು ಹೆಂಡತಿಯ ಕಡೆ ನೋಡುತ್ತಾರೆ.

"ಓದ ವರ್ಸಾನ ಯಾರೂ ವಾಪಸ್ ಕೊಡಕ್ಕಿಲ್ಲ ಸ್ವಾಮಿ. ಮುಂದ್ಕೆ ಅಷ್ಟೇ ವರ್ಸ ಕೊಟ್ರೆ ಸಾಕು, ಇಬ್ರೂ ಒಂದೇ ಸೂರಡಿ ಇರಂಗೆ. ಜಾಸ್ತಿ ಕೇಳಕ್ಕಿಲ್ಲ."

ಒಲೆಯ ಮುಂದಿನಿಂದ ಕೆಂಪಾಜಮ್ಮ ಈ ಕಡೆ ತಿರುಗದೆಯೇ ಹೇಳುತ್ತಾರೆ: "ಕೇಳಯ್ಯ, ಜಾಸ್ತೀನೇ ಕೇಳು. ಅವತ್ತು ನಾನು ಓಗುವಾಗ ನೀನು ಬಾಯ್ಬುಟ್ಟು ಕೇಳಿದ್ಯಾ?"